ಕಾರ್ಪ್ ಗಾಳಕ್ಕೆ ಯಾವ ಹುಕ್‌ಲಿಂಕ್? ದಾರ ಕೊಳ್ಳುವ ಮುಂಚೆ ಇಷ್ಟು ನೋಡಿಕೊಳ್ಳಿ

ಬ್ರಿಟನ್‌ಗೆ ಬಂದು ಗಾಳದ ಹುಚ್ಚು ಹತ್ತಿಸಿಕೊಂಡ ನಮ್ಮವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ರಾಡ್ ತಗೊಂಡೆ, ರೀಲ್ ತಗೊಂಡೆ, ಲೈಸೆನ್ಸ್ ಆಯ್ತು. ಹುಕ್‌ಲಿಂಕ್‌ಗೆ ಯಾವ ದಾರ ತಗೊಳ್ಳಲಿ?" ಹುಕ್‌ಲಿಂಕ್ ಎಂದರೆ ಹುಕ್ ಕಟ್ಟುವ ಕೊನೆಯ ತುಂಡು ದಾರ. ಪ್ರಶ್ನೆ ಚಿಕ್ಕದು. ಆದರೆ ಇಲ್ಲಿನ ಗಾಳದ ಅಂಗಡಿಗೆ ಹೋದರೆ ಒಂದು ಗೋಡೆ ತುಂಬಾ ಬರೀ ಹುಕ್‌ಲಿಂಕ್ ಸುರುಳಿಗಳೇ ತೂಗಾಡುತ್ತಿರುತ್ತವೆ. ಪ್ರತಿಯೊಂದರ ಮೇಲೂ ಇದಕ್ಕಿಂತ ಒಳ್ಳೆಯದಿಲ್ಲ ಎಂದೇ ಬರೆದಿರುತ್ತದೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬ್ರ್ಯಾಂಡ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಕೆರೆಯ ತಳ ಹೇಗಿದೆ ಎಂದು ನೋಡಿ ದಾರದ ಜಾತಿ ಆರಿಸಿ, ಆ ದಾರಕ್ಕೆ ಒಪ್ಪುವ ಗಂಟು ಕಲಿಯಿರಿ. ಹೆಸರಿರುವ ಕಂಪನಿಗಳ ದಾರ ಸುಮ್ನೆ ನಡುವೆ ತುಂಡಾಗುವುದು ತೀರಾ ಕಡಿಮೆ. ಗಂಟಿನ ಹತ್ತಿರ ತುಂಡಾಗುವುದು, ಕಲ್ಲಿಗೆ ಉಜ್ಜಿ ಸವೆಯುವುದು, ಇಲ್ಲವೇ ತಳಕ್ಕೆ ಒಪ್ಪದೆ ಮೀನೇ ಹುಕ್ ಉಗುಳಿ ಹೋಗುವುದು ಜಾಸ್ತಿ.

ಹುಕ್‌ಲಿಂಕ್ ಎಂದರೇನು, ಅದರ ಕೆಲಸವೇನು

ರೀಲ್‌ನಿಂದ ಬರುವ ದಾರ ಮೇನ್ ಲೈನ್. ಅದರ ತುದಿಯಲ್ಲಿ ಸೀಸದ ತೂಕ, ಒಂದು ಸ್ವಿವೆಲ್. ಸ್ವಿವೆಲ್ ಎಂದರೆ ದಾರ ತಿರುಚಿಕೊಳ್ಳದಂತೆ ತಿರುಗುವ ಸಣ್ಣ ಲೋಹದ ಕೊಂಡಿ. ಆ ಸ್ವಿವೆಲ್‌ನಿಂದ ಹುಕ್‌ವರೆಗಿನ ಕೊನೆಯ ಗೇಣುದ್ದದ ತುಂಡೇ ಹುಕ್‌ಲಿಂಕ್. ಇದೆಲ್ಲ ಸೇರಿ ಒಂದು ರಿಗ್.

ಕಾರ್ಪ್, ಅಂದರೆ ನಮ್ಮ ಗೆಂಡೆ ಮೀನು, ಕಚ್ಚಿ ತಿನ್ನುವ ಜಾತಿಯಲ್ಲ. ತಳದಲ್ಲಿ ಬಿದ್ದದ್ದನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ. ಬಾಯೊಳಗೆ ಪರೀಕ್ಷೆ ಮಾಡಿ ಬೇಡದ್ದನ್ನು ಹಾಗೇ ಉಗುಳುತ್ತದೆ. ಹಲ್ಲುಗಳಿರುವುದು ಗಂಟಲಿನಲ್ಲಿ, ತುಟಿಯಲ್ಲಿ ಅಲ್ಲ. ಹಾಗಾಗಿ ಮೀನು ಹಲ್ಲಿನಿಂದ ದಾರ ಕಡಿದುಬಿಡುತ್ತದೆ ಎಂಬ ಭಯ ಬೇಡ. ಭಯ ಬೇಕಾದದ್ದು ಆ ಉಗುಳುವಿಕೆಗೆ.

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೆನಿ ಮಿಡ್ಲ್‌ಟನ್ ಮತ್ತು ಕೆವಿನ್ ಮ್ಯಾಡಾಕ್ಸ್ ಇದಕ್ಕೆ ಉಪಾಯ ಹುಡುಕಿದರು. ಎರೆಯನ್ನು ಹುಕ್‌ಗೆ ಚುಚ್ಚದೆ, ಪಕ್ಕದಲ್ಲಿ ಸಣ್ಣ ಕೂದಲಿನಲ್ಲಿ ತೂಗುಬಿಟ್ಟರು. ಅದೇ ಹೇರ್ ರಿಗ್. ಈಗ ಕೂದಲಿನ ಬದಲು ಹುಕ್‌ಲಿಂಕ್ ದಾರದ ತುದಿಯನ್ನೇ ಹೇರ್ ಮಾಡಿಕೊಳ್ಳುತ್ತಾರೆ. ಮೀನು ಎರೆ ಹೀರಿದಾಗ ಬರಿಯ ಹುಕ್ ಕೂಡ ಒಳಗೆ ಹೋಗುತ್ತದೆ. ಉಗುಳುವಾಗ ಅದು ತಿರುಗಿ ಕೆಳತುಟಿಗೆ ಚುಚ್ಚುತ್ತದೆ. ಸೀಸದ ಭಾರಕ್ಕೆ ಇನ್ನೂ ಒಳಗಿಳಿಯುತ್ತದೆ. ಹುಕ್ ಸರಾಗವಾಗಿ ಒಳಗೆ ಹೋಗಬೇಕು, ಆದರೆ ಸರಾಗವಾಗಿ ಹೊರಗೆ ಬರಬಾರದು. ಮೆತ್ತಗಿನ ದಾರ ಮೊದಲನೆಯದಕ್ಕೆ ಒಳ್ಳೆಯದು, ಗಡಸು ದಾರ ಎರಡನೆಯದಕ್ಕೆ. ಹುಕ್‌ಲಿಂಕ್ ಬಗ್ಗೆ ನಡೆಯುವ ವಾದಗಳೆಲ್ಲ ಇದರ ಸುತ್ತಲೇ.

ಹಂತ 1: ಕೆರೆಯ ನಿಯಮ ಓದಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 13 ವರ್ಷ ತುಂಬಿದ ಎಲ್ಲರಿಗೂ ರಾಡ್ ಲೈಸೆನ್ಸ್ ಬೇಕು, ಇದು ನಿಮಗೆ ಗೊತ್ತಿರುತ್ತದೆ. ಗೊತ್ತಿಲ್ಲದೆ ಸಿಕ್ಕಿಬೀಳುವುದು ಆಯಾ ಕೆರೆಯ ಸ್ವಂತ ನಿಯಮಗಳಲ್ಲಿ. ಕೆಲವು ಕಡೆ ಹೆಣೆದ ದಾರ, ಅಂದರೆ ಬ್ರೇಡ್, ಹುಕ್‌ಲಿಂಕ್‌ಗೂ ನಿಷೇಧ. ಕೆಲವು ಕಡೆ ಮುಳ್ಳಿಲ್ಲದ ಹುಕ್ ಮಾತ್ರ. ಮೇನ್ ಲೈನ್ ಕನಿಷ್ಠ ಇಷ್ಟು ಪೌಂಡ್ ಇರಬೇಕು ಎಂದು ಹೇಳುವ ಕಡೆಯೂ ಇವೆ. ದಾರ ಕೊಂಡ ಮೇಲೆ ಗೇಟಿನ ಬೋರ್ಡ್ ಓದಿದರೆ ದುಡ್ಡು ದಂಡ.

ಹಂತ 2: ತಳ ಹೇಗಿದೆ, ತಿಳಿದುಕೊಳ್ಳಿ

ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಹಂತ ಇದೇ. ಕೆಲಸ ಮಾತ್ರ ಹತ್ತು ನಿಮಿಷದ್ದು. ಹುಕ್ ಕಟ್ಟಬೇಡಿ. ಬರೀ ಸೀಸ ಕಟ್ಟಿ ಎಸೆಯಿರಿ. ಅದು ನೀರಿಗೆ ಬಿದ್ದ ತಕ್ಷಣ ದಾರವನ್ನು ಬಿಗಿಯಾಗಿ ಹಿಡಿದು, ಮುಳುಗುವ ಸೀಸವನ್ನು ರಾಡ್‌ನಲ್ಲೇ ಅನುಭವಿಸಿ.

ಟಕ್ ಎಂದು ಗಟ್ಟಿಯಾಗಿ ತಟ್ಟಿದರೆ ಜಲ್ಲಿ ಅಥವಾ ಗಟ್ಟಿ ಜೇಡಿ. ನಿಧಾನವಾಗಿ ಎಳೆದು ನೋಡಿ: ತಟತಟ ಎಂದು ಬಂದರೆ ಜಲ್ಲಿ, ನುಣ್ಣಗೆ ಬಂದರೆ ಜೇಡಿ. ಮೆತ್ತಗೆ ಕೂತು, ಎಳೆದಾಗ ಮೊದಲು ಹಿಡಿದುಕೊಂಡು ಆಮೇಲೆ ಬಿಟ್ಟರೆ ಅದು ಹೂಳು. ತಟ್ಟಿದ್ದೇ ಗೊತ್ತಾಗದೆ, ಎಳೆದಾಗ ರಾಡ್ ಬಾಗಿ ಸಿಕ್ಕಿಹಾಕಿಕೊಂಡರೆ ಅಲ್ಲಿ ಕಳೆ ಇದೆ. ಸೀಸ ಹೊರಗೆ ತೆಗೆದಾಗ ಕಪ್ಪು ಹೂಳು ಮೆತ್ತಿಕೊಂಡು ಕೊಳೆತ ಮೊಟ್ಟೆ ವಾಸನೆ ಬಂದರೆ ಆ ಜಾಗವನ್ನೇ ಬಿಟ್ಟುಬಿಡಿ, ಯಾವ ದಾರವೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಕಪ್ಪೆಚಿಪ್ಪು ಇದೆಯಾ ಎಂದೂ ವಿಚಾರಿಸಿ. ಜಲ್ಲಿ ತೆಗೆದ ಹಳೆಯ ಗುಂಡಿಗಳೇ ಇಲ್ಲಿ ಎಷ್ಟೋ ಕಡೆ ಕಾರ್ಪ್ ಕೆರೆಗಳಾಗಿವೆ. ಅಂಥ ನೀರಿನಲ್ಲಿ ಝೀಬ್ರಾ ಮಸಲ್ ಎಂಬ ಸಣ್ಣ ಚಿಪ್ಪುಗಳು ಕಲ್ಲಿಗೆ ಗೊಂಚಲಾಗಿ ಅಂಟಿರುತ್ತವೆ. ಅವುಗಳ ಅಂಚು ಬ್ಲೇಡಿನ ಹಾಗೆ. ದಾರದ ಆಯ್ಕೆಯನ್ನು ಪೂರ್ತಿ ಬದಲಿಸುವಷ್ಟು ದೊಡ್ಡ ಸಂಗತಿ ಇದು.

ಹಂತ 3: ದಾರದ ಜಾತಿ ಆರಿಸಿ

ಅಂಗಡಿಯಲ್ಲಿ ಹೆಸರು ನೂರಿದ್ದರೂ ಜಾತಿ ನಾಲ್ಕೇ.

ಮೊದಲನೆಯದು ಕೋಟೆಡ್ ಬ್ರೇಡ್. ಒಳಗೆ ಹೆಣೆದ ಮೆತ್ತಗಿನ ದಾರ, ಮೇಲೆ ಪ್ಲಾಸ್ಟಿಕ್ ಪದರ. ಕಾರ್ಡಾದ ಎನ್-ಟ್ರ್ಯಾಪ್, ಫಾಕ್ಸ್‌ನ ಕೋರ್‌ಟೆಕ್ಸ್, ಕ್ರಿಸ್ಟನ್‌ನ ಸ್ನೇಕ್-ಸ್ಕಿನ್ ಈ ಜಾತಿಯವು. ಹೊಸಬರು ಒಂದೇ ಒಂದು ಸುರುಳಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಪದರ ಇರುವುದರಿಂದ ಎಸೆಯುವಾಗ ಸೀಸಕ್ಕೆ ಸುತ್ತಿಕೊಳ್ಳುವುದು ಕಡಿಮೆ, ಚಿಪ್ಪಿಗೂ ಜಲ್ಲಿಗೂ ಒಂದಿಷ್ಟು ತಡೆದುಕೊಳ್ಳುತ್ತದೆ. ಹುಕ್ ಹತ್ತಿರದ ಎರಡು ಮೂರು ಸೆಂಟಿಮೀಟರ್ ಪದರವನ್ನು ಸುಲಿದುಬಿಟ್ಟರೆ ಅಷ್ಟು ಭಾಗ ಬಳುಕುತ್ತದೆ, ಎರೆ ಸಹಜವಾಗಿ ಅಲುಗಾಡುತ್ತದೆ. ಗಡಸು, ಮೆದು ಎರಡರ ಲಾಭವೂ ಒಂದೇ ದಾರದಲ್ಲಿ ಸಿಕ್ಕಿತು ಅಲ್ವಾ?

ಪದರ ಸುಲಿಯುವುದು ಉಗುರಿನಿಂದ ಅಥವಾ ಅದಕ್ಕೆಂದೇ ಸಿಗುವ ಸಣ್ಣ ಸಾಧನದಿಂದ. ಚಾಕು, ಬ್ಲೇಡ್, ಹಲ್ಲು ಬೇಡ. ಒಳಗಿನ ಒಂದೆರಡು ಎಳೆ ಕತ್ತರಿಸಿದರೂ ಕಣ್ಣಿಗೆ ಕಾಣುವುದಿಲ್ಲ, ದೊಡ್ಡ ಮೀನು ಬಂದಾಗಲೇ ಗೊತ್ತಾಗುತ್ತದೆ. ಸುರುಳಿಯಿಂದ ಬಿಚ್ಚಿದ ದಾರ ಸುತ್ತಿಕೊಂಡೇ ಇದ್ದರೆ, ಕಟ್ಟಿದ ರಿಗ್ಗನ್ನು ಕುದಿಯುವ ಕೆಟಲಿನ ಹಬೆಯಲ್ಲಿ ಕ್ಷಣ ಹೊತ್ತು ಹಿಡಿದು ಎಳೆದರೆ ನೆಟ್ಟಗಾಗುತ್ತದೆ. ಜಾಸ್ತಿ ಹೊತ್ತು ಹಿಡಿದರೆ ಪದರ ಮೆತ್ತಗಾಗಿ ಕೆಡುತ್ತದೆ. ಕೈಗೂ ಹಬೆ ತಾಗದಂತೆ ನೋಡಿಕೊಳ್ಳಿ.

ಎರಡನೆಯದು ಬರಿ ಬ್ರೇಡ್, ಪದರವಿಲ್ಲದ್ದು. ತುಂಬಾ ಮೆದು. ತಳದ ಏರಿಳಿತಕ್ಕೆ ಒರಗಿ ಮಲಗುತ್ತದೆ, ಮೀನಿನ ತುಟಿಗೆ ಗಡಸಾಗಿ ತಾಗುವುದಿಲ್ಲ. ಆದರೆ ಎರಡು ತೊಂದರೆ. ಒಂದು, ಎಸೆಯುವಾಗ ಸಿಕ್ಕು. ದೂರ ಎಸೆಯುವುದಿದ್ದರೆ ರಿಗ್ಗನ್ನು ನೀರಿನಲ್ಲಿ ಕರಗುವ ಪಿವಿಎ ಚೀಲದೊಳಗಿಟ್ಟು ಎಸೆಯಬೇಕು. ಇನ್ನೊಂದು, ತೇಲುವಿಕೆ. ಬ್ರೇಡ್ ಹೆಣೆಯಲು ಬಳಸುವ ಡೈನೀಮಾದಂಥ ಎಳೆಗಳು ನೀರಿಗಿಂತ ಸ್ವಲ್ಪ ಹಗುರ. ಹುಕ್‌ಲಿಂಕ್‌ಗಾಗಿಯೇ ಭಾರದ ಎಳೆ ಸೇರಿಸಿ ಮಾಡಿದ ಬ್ರೇಡ್ ಕೇಳಿ ತಗೊಳ್ಳಿ. ಮೇನ್ ಲೈನ್‌ಗೆ ಬಳಸುವ ಬ್ರೇಡ್‌ನಿಂದ ಒಂದು ತುಂಡು ಕತ್ತರಿಸಿ ಹುಕ್‌ಲಿಂಕ್ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ತೇಲುವುದು ಒಂದು ಕಡೆ, ಅಷ್ಟು ತೆಳುವಾದ ಹೆಣೆದ ದಾರ ಮೀನಿನ ಬಾಯನ್ನೇ ಕೊಯ್ಯಬಹುದು. ಇಲ್ಲಿ ಹಿಡಿದ ಕಾರ್ಪನ್ನು ವಾಪಸ್ ನೀರಿಗೆ ಬಿಡುವುದೇ ವಾಡಿಕೆ, ಬಾಯಿ ಹರಿದ ಮೀನನ್ನು ಬಿಡುವುದರಲ್ಲಿ ಅರ್ಥವಿಲ್ಲ.

ಮೂರನೆಯದು ಫ್ಲೋರೋಕಾರ್ಬನ್. ನೋಡಲು ನೈಲಾನ್ ಥರವೇ ಒಂಟಿ ಎಳೆ. ಆದರೆ ಹೆಚ್ಚು ಭಾರ, ಹೆಚ್ಚು ಗಡಸು. ಸಾಂದ್ರತೆ ನೀರಿನ ಸುಮಾರು 1.78 ಪಟ್ಟು, ಹಾಗಾಗಿ ಸೀದಾ ಮುಳುಗುತ್ತದೆ. ಬೆಳಕನ್ನು ನೈಲಾನ್‌ಗಿಂತ ಕಡಿಮೆ ಬಗ್ಗಿಸುವುದರಿಂದ ತಿಳಿನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಾಣುವುದೇ ಇಲ್ಲ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಜಾಹೀರಾತು. ಉಜ್ಜಾಟ ಚೆನ್ನಾಗಿ ತಡೆಯುತ್ತದೆ. ಗಡಸಿರುವುದರಿಂದ ಸಿಕ್ಕಾಗುವುದು ಕಡಿಮೆ. ಪುಟ್ಟ ಮೀನುಗಳು ಎರೆಯನ್ನು ಎಳೆದಾಡಿದರೂ ರಿಗ್ ಮತ್ತೆ ನೆಟ್ಟಗೆ ಬೀಳುತ್ತದೆ. ಶುದ್ಧವಾದ, ಸಮತಟ್ಟಾದ ಜಲ್ಲಿ ತಳಕ್ಕೆ ಇದು ನನ್ನ ಮೊದಲ ಆಯ್ಕೆ. ತಗ್ಗುದಿಣ್ಣೆ ಇದ್ದಲ್ಲಿ ಮಾತ್ರ ಸೇತುವೆಯಂತೆ ಮೇಲೆ ನಿಲ್ಲುತ್ತದೆ, ಅಲ್ಲಿ ಬೇಡ. ಗಂಟಿನ ವಿಷಯದಲ್ಲಿ ಇದು ಬಹಳ ಕಿರಿಕಿರಿ, ಅದನ್ನು ಮುಂದೆ ಹೇಳುತ್ತೇನೆ.

ಇದೇ ಸಾಲಿನಲ್ಲಿ ಇನ್ನೂ ದಪ್ಪ, ತಂತಿಯಂತೆ ಬಾಗಿ ನಿಲ್ಲುವ ಗಡಸು ದಾರಗಳಿವೆ. ಕಾರ್ಡಾದ ಮೌತ್‌ಟ್ರ್ಯಾಪ್ ಅಂಥದ್ದು. ಕಳೆಯ ಮೇಲೆ ತೇಲುವ ಎರೆ ಕೂರಿಸುವ ಚಾಡ್ ರಿಗ್‌ನಂಥವಕ್ಕೆ ಅವು. ಮೊದಲ ವರ್ಷ ನಿಮಗೆ ಬೇಕಾಗಿಲ್ಲ.

ನಾಲ್ಕನೆಯದು ಸಾದಾ ನೈಲಾನ್. ಊರಲ್ಲಿ ತಂಗೂಸಿ ಅಂತೀವಲ್ಲ, ಅದೇ. ಅಗ್ಗ, ಗಂಟು ಸುಲಭ, ಸ್ವಲ್ಪ ಹಿಗ್ಗುವುದರಿಂದ ಮೀನಿನ ಜಗ್ಗಾಟವನ್ನು ತಾಳಿಕೊಳ್ಳುತ್ತದೆ. ನೀರು ಹೀರಿಕೊಂಡಾಗ ಬಲ ಕೊಂಚ ಇಳಿಯುತ್ತದೆ, ಬಿಸಿಲಿಗೆ ಕೆಡುತ್ತದೆ. ಇದನ್ನು ಹಳೇ ಕಾಲದ್ದು ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಬ್ರೇಡ್ ನಿಷೇಧ ಇರುವ ಕೆರೆಯಲ್ಲಿ 15 ಪೌಂಡ್‌ನ ಒಳ್ಳೆಯ ನೈಲಾನ್ ಸಾಕು. ಬೇಸಿಗೆಯಲ್ಲಿ ನೀರಿನ ಮೇಲೆ ಬ್ರೆಡ್ ತೇಲಿಬಿಟ್ಟು ಹಿಡಿಯುವಾಗಲಂತೂ ಇದೇ ಬೇಕು. ಅಲ್ಲಿ ಫ್ಲೋರೋಕಾರ್ಬನ್ ಹಾಕಿದರೆ ಎರೆಯನ್ನೇ ಕೆಳಗೆ ಎಳೆಯುತ್ತದೆ.

ಈಗ ತಳಕ್ಕೆ ಜೋಡಿಸಿ. ಜಲ್ಲಿ ಮತ್ತು ಚಿಪ್ಪು ಇದ್ದರೆ ಕೋಟೆಡ್ ಬ್ರೇಡ್ ಅಥವಾ ದಪ್ಪ ಫ್ಲೋರೋಕಾರ್ಬನ್. ಹೂಳಿಗೆ ಕೋಟೆಡ್ ಬ್ರೇಡ್, ಇಲ್ಲವೇ ಭಾರದ ಬರಿ ಬ್ರೇಡ್. ಕಳೆ ಅಥವಾ ಮುಳುಗಿದ ಮರ ಇದ್ದರೆ ಕೋಟೆಡ್ ಬ್ರೇಡ್‌ನಲ್ಲೇ ಬಲವಾದದ್ದು. ಏನೂ ಗೊತ್ತಾಗದಿದ್ದರೂ ಅದೇ.

ಬಣ್ಣದ ಬಗ್ಗೆ ಕೇಳುತ್ತೀರಿ. ಕಂದು ಅಥವಾ ಮಾಸಲು ಹಸಿರು, ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಹಂತ 4: ಬಲ ಎಷ್ಟಿರಬೇಕು

ಸುರುಳಿಯ ಮೇಲೆ 15, 20, 25 ಎಂದು ಪೌಂಡ್ ಲೆಕ್ಕದಲ್ಲಿ ಬರೆದಿರುತ್ತದೆ. ಅದು ಬ್ರೇಕಿಂಗ್ ಸ್ಟ್ರೇನ್, ಅಂದರೆ ದಾರ ತುಂಡಾಗುವ ಭಾರ. 15 ಪೌಂಡ್ ಸುಮಾರು 6.8 ಕಿಲೋ, 25 ಪೌಂಡ್ ಸುಮಾರು 11.3 ಕಿಲೋ. "30 ಪೌಂಡ್ ಮೀನು ಬಂದರೆ 15 ಪೌಂಡ್ ದಾರ ಸಾಕಾಗುತ್ತಾ?" ಎಂದು ಕೇಳುವವರು ಬಹಳ. ಸಾಕು. ನೀರಿನಲ್ಲಿ ಮೀನಿನ ತೂಕ ದಾರದ ಮೇಲೆ ಬೀಳುವುದಿಲ್ಲ, ರಾಡ್ ಬಾಗುತ್ತದೆ, ರೀಲ್‌ನ ಬಿಗಿ ಸರಿಯಾಗಿದ್ದರೆ ದಾರ ಬಿಟ್ಟುಕೊಡುತ್ತದೆ. ಮೀನನ್ನು ಯಾರೂ ದಾರದಿಂದ ಎತ್ತುವುದಿಲ್ಲ, ಬಲೆಯಿಂದ ಎತ್ತುತ್ತಾರೆ.

ತೆರೆದ ನೀರಿಗೆ 15 ಪೌಂಡ್. ಕಳೆ, ಚಿಪ್ಪು, ಬೇರು ಇದ್ದಲ್ಲಿ 20 ರಿಂದ 25. ಇಲ್ಲಿ ಹೆಚ್ಚು ಬಲ ಕೇಳುವುದು ಮೀನು ದೊಡ್ಡದೆಂದಲ್ಲ. ದಪ್ಪ ಇದ್ದರೆ ಒಂದಿಷ್ಟು ಸವೆದ ಮೇಲೂ ದಾರ ಉಳಿದಿರುತ್ತದೆ.

ಹುಕ್‌ಲಿಂಕ್ ಮೇನ್ ಲೈನ್‌ಗಿಂತ ದುರ್ಬಲ ಇರಬೇಕಾ, ಬಲವಾಗಿರಬೇಕಾ? ಹಳಬರು ದುರ್ಬಲ ಎನ್ನುತ್ತಿದ್ದರು. ತುಂಡಾದರೆ ಹುಕ್ ಹತ್ತಿರವೇ ತುಂಡಾಗಲಿ, ಮೀನು ಉದ್ದನೆಯ ದಾರ ಎಳೆದುಕೊಂಡು ಹೋಗದಿರಲಿ ಎಂದು. ಈಗ ಕಾರ್ಪ್‌ನವರು ಬಲವಾದದ್ದನ್ನೇ ಹಾಕುತ್ತಾರೆ. ಹಾಗೆ ಹಾಕುವವರು ಒಂದನ್ನು ತಪ್ಪಿಸುವಂತಿಲ್ಲ: ಮೇನ್ ಲೈನ್ ತುಂಡಾದರೆ ಸೀಸ ಮೀನಿನಿಂದ ಕಳಚಿಕೊಳ್ಳಬೇಕು. ಅದಕ್ಕೆ ಸೀಸವನ್ನು ಲೆಡ್ ಕ್ಲಿಪ್‌ಗೆ ಹಾಕಿ. ಎಲ್ಲಾದರೂ ಸಿಕ್ಕಿಕೊಂಡರೆ ಸೀಸ ಬಿಟ್ಟುಹೋಗುವ ಪ್ಲಾಸ್ಟಿಕ್ ಕೊಂಡಿ ಅದು. ಅದರ ರಬ್ಬರ್ ಬಾಲವನ್ನು ಬಲವಾಗಿ ಒತ್ತಿ ಕೂರಿಸಿದರೆ ಕ್ಲಿಪ್ ಇದ್ದೂ ಇಲ್ಲದಂತೆ.

ಹಂತ 5: ಉದ್ದ

ಗಟ್ಟಿ ತಳಕ್ಕೆ 15 ರಿಂದ 20 ಸೆಂಟಿಮೀಟರ್. ಹೂಳಿದ್ದರೆ 25 ರಿಂದ 30, ಯಾಕೆಂದರೆ ಸೀಸ ಹೂತುಹೋದಾಗ ಗಿಡ್ಡ ಲಿಂಕನ್ನೂ ಎರೆಯನ್ನೂ ಜೊತೆಗೆ ಒಳಗೆಳೆಯುತ್ತದೆ. ಅದಕ್ಕಿಂತ ಉದ್ದ ಮಾಡಿದರೆ ಮೀನು ಎರೆ ಬಾಯಲ್ಲಿಟ್ಟುಕೊಂಡು ಒಂದಷ್ಟು ಓಡಾಡಿದರೂ ಸೀಸದ ಭಾರ ತಾಗುವುದಿಲ್ಲ, ಉಗುಳಲು ಪುರುಸೊತ್ತು ಸಿಗುತ್ತದೆ.

ಹಂತ 6: ಗಂಟು

ಯಾವ ಗಂಟೂ ದಾರದ ಪೂರ್ತಿ ಬಲವನ್ನು ಉಳಿಸುವುದಿಲ್ಲ. ಬಿಗಿಯುವಾಗ ಎಳೆ ಎಳೆಗೆ ಉಜ್ಜಿ ಬಿಸಿಯಾಗುತ್ತದೆ, ಆ ಬಿಸಿಗೇ ದಾರ ದುರ್ಬಲವಾಗುತ್ತದೆ. ಹಾಗಾಗಿ ಪ್ರತಿ ಗಂಟನ್ನೂ ನೀರಿನಿಂದಲೋ ಎಂಜಲಿನಿಂದಲೋ ಒದ್ದೆ ಮಾಡಿ, ನಿಧಾನವಾಗಿ, ಒಂದೇ ಸಮನೆ ಎಳೆದು ಬಿಗಿಯಿರಿ. ಫ್ಲೋರೋಕಾರ್ಬನ್‌ಗೆ ಇದು ಎರಡು ಪಟ್ಟು ಮುಖ್ಯ. ಒಣಗಿದ್ದಾಗ ಜಗ್ಗಿದರೆ ಗಂಟಿನ ಪಕ್ಕ ಬೆಳ್ಳಗೆ ಸುಕ್ಕು ಕಾಣುತ್ತದೆ. ಸುಕ್ಕು ಕಂಡರೆ ಕತ್ತರಿಸಿ ಮತ್ತೆ ಕಟ್ಟಿ, ಪರವಾಗಿಲ್ಲ ಎಂದು ಬಿಡಬೇಡಿ.

ಹುಕ್ ತುದಿಗೆ ನಾಟ್‌ಲೆಸ್ ನಾಟ್. ಹೀಗೆ ಕಟ್ಟಿ:

1. ದಾರದ ತುದಿಯಲ್ಲಿ ಸಣ್ಣ ಕುಣಿಕೆ ಹಾಕಿ, ಎರೆ ಪೋಣಿಸಿ. ಕೋಟೆಡ್ ಬ್ರೇಡ್ ಆದರೆ ಮೊದಲೇ ಪದರ ಸುಲಿದಿರಬೇಕು.
2. ಇನ್ನೊಂದು ತುದಿಯನ್ನು ಹುಕ್‌ನ ಕಣ್ಣಿನೊಳಗೆ ಬೆನ್ನಿನ ಕಡೆಯಿಂದ ತೂರಿಸಿ. ಬೆನ್ನು ಎಂದರೆ ಮೊನೆಯ ಎದುರು ಬದಿ.
3. ಎರೆ ಹುಕ್‌ನ ಬಾಗಿನ ಕೆಳಗೆ ಸ್ವಲ್ಪ ಅಂತರದಲ್ಲಿ ತೂಗುವಂತೆ ಹೇರ್‌ನ ಉದ್ದ ಹೊಂದಿಸಿ.
4. ಹೇರನ್ನು ಹುಕ್‌ನ ಕಾಲಿಗೆ ಒತ್ತಿಹಿಡಿದು, ಉದ್ದನೆಯ ದಾರವನ್ನು ಕಣ್ಣಿನಿಂದ ಕೆಳಕ್ಕೆ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ. ಸುತ್ತಿನ ಮೇಲೆ ಸುತ್ತು ಬೀಳಬಾರದು.
5. ಅದೇ ದಾರವನ್ನು ಮತ್ತೆ ಕಣ್ಣಿನೊಳಗೆ ಬೆನ್ನಿನ ಕಡೆಯಿಂದಲೇ ತೂರಿಸಿ, ಒದ್ದೆ ಮಾಡಿ, ಎಳೆಯಿರಿ.

ಐದನೆಯದರಲ್ಲಿ ದಾರವನ್ನು ಎದುರು ಕಡೆಯಿಂದ ತೂರಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಹಾಗಾದರೆ ಎಳೆದಾಗ ಹುಕ್ ಮೀನಿನ ತುಟಿಯತ್ತ ತಿರುಗುವುದಿಲ್ಲ, ಸೀದಾ ಜಾರಿ ಬರುತ್ತದೆ. ಕಣ್ಣಿನ ಸಂದು ಪೂರ್ತಿ ಮುಚ್ಚಿರದಿದ್ದರೆ ಅದರ ಚೂಪಂಚಿಗೆ ದಾರ ಸಿಕ್ಕಿ ಕತ್ತರಿಸುತ್ತದೆ, ಅಂಥ ಹುಕ್ ಪಕ್ಕಕ್ಕಿಡಿ.

ಸ್ವಿವೆಲ್ ತುದಿಗೆ ಎಂಟರ ಆಕಾರದ ಕುಣಿಕೆ ಸಾಕು. ದಾರವನ್ನು ಮಡಚಿ, ಆ ಮಡಿಕೆಯನ್ನು ಎಂಟರಂತೆ ಒಂದು ಸುತ್ತು ತಂದು ತೂರಿಸಿದರೆ ಆಯಿತು. ದಪ್ಪ ಗಡಸು ಫ್ಲೋರೋಕಾರ್ಬನ್‌ಗೆ ಗಂಟು ಕೂರುವುದೇ ಕಷ್ಟ. ಅದಕ್ಕೆ ಕ್ರಿಂಪ್ ಬಳಸುತ್ತಾರೆ, ಇಕ್ಕಳದಿಂದ ಒತ್ತಿ ಕೂರಿಸುವ ಪುಟ್ಟ ಲೋಹದ ಕೊಳವೆ ಅದು. ಕೊಳವೆಯ ಅಳತೆಯೂ ಇಕ್ಕಳವೂ ಆ ದಾರಕ್ಕೆ ಸರಿಹೊಂದಬೇಕು. ಮನೆಯ ಕಟಿಂಗ್ ಪ್ಲೇಯರ್‌ನಿಂದ ಒತ್ತಿದರೆ ದಾರವೇ ಜಜ್ಜಿಹೋಗುತ್ತದೆ.

ಹಂತ 7: ಮನೆಯಲ್ಲೇ ಪರೀಕ್ಷೆ

ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೈ ತಕ್ಕಡಿ ನಿಮ್ಮ ಮನೆಯಲ್ಲೂ ಇರುತ್ತದಲ್ಲ, ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕಟ್ಟಿದ ರಿಗ್ಗನ್ನು ಹತ್ತು ನಿಮಿಷ ನೀರಿನಲ್ಲಿ ನೆನೆಸಿ. ಹುಕ್ಕನ್ನು ಗಟ್ಟಿಯಾದ ಕಂಬಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಕುಣಿಕೆಗೆ ತಕ್ಕಡಿಯ ಕೊಕ್ಕೆ ಹಾಕಿ ನಿಧಾನವಾಗಿ ಎಳೆಯಿರಿ. ಕನ್ನಡಕ ಹಾಕಿಕೊಳ್ಳಿ, ಹುಕ್ ಚಿಮ್ಮಿದರೆ ಕಣ್ಣಿಗೇ ಬರುತ್ತದೆ. ದಾರವನ್ನು ಬರಿ ಬೆರಳಿಗೆ ಸುತ್ತಿಕೊಂಡು ಎಳೆಯಬೇಡಿ, ಬ್ರೇಡ್ ಬೆರಳು ಕೊಯ್ಯುತ್ತದೆ.

ತುಂಡಾದಾಗ ಎಲ್ಲಿ ತುಂಡಾಯಿತು ನೋಡಿ. ಗಂಟಿನಲ್ಲಾದರೆ ದಾರ ಬದಲಿಸಬೇಡಿ, ಗಂಟು ಸುಧಾರಿಸಿ. ಪದರ ಸುಲಿದ ಜಾಗದಲ್ಲಾದರೆ ಸುಲಿಯುವಾಗ ಎಳೆ ಕತ್ತರಿಸಿದೆ. ನಡುವೆಯೇ, ಅದೂ ಬರೆದ ಬಲಕ್ಕಿಂತ ಬಹಳ ಮುಂಚೆ ತುಂಡಾದರೆ ಮಾತ್ರ ಸುರುಳಿ ಕೆಟ್ಟಿದೆ.

ಇನ್ನೆರಡು ಸಣ್ಣ ಪರೀಕ್ಷೆಗಳು. ದಾರದ ತುಂಡನ್ನು ಗಾಜಿನ ಲೋಟದ ನೀರಿಗೆ ಹಾಕಿ, ಪೂರ್ತಿ ಒದ್ದೆಯಾದ ಮೇಲೂ ಮೇಲೆದ್ದು ನಿಲ್ಲುತ್ತದೆಯೇ ನೋಡಿ. ನಿಂತರೆ ಲಿಂಕ್ ಮೇಲೆ ಚಿಟಿಕೆಯಷ್ಟು ಟಂಗ್‌ಸ್ಟನ್ ಪುಟ್ಟಿ ಅಂಟಿಸಬೇಕು, ಅದು ಭಾರದ ಮೇಣದಂಥ ವಸ್ತು. ಎರಡನೆಯದು, ರಿಗ್ಗನ್ನು ಅಂಗೈ ಮೇಲಿಟ್ಟು ಸ್ವಿವೆಲ್ ಕಡೆಯಿಂದ ಮೆಲ್ಲಗೆ ಎಳೆಯಿರಿ. ಹುಕ್ ತಾನಾಗಿ ತಿರುಗಿ ಚರ್ಮಕ್ಕೆ ಮೊನೆ ತಾಗಿಸಬೇಕು. ತಾಗಿದೊಡನೆ ನಿಲ್ಲಿಸಿ!

ಹಂತ 8: ಕೆರೆಯ ದಡದಲ್ಲಿ

ಪ್ರತಿ ಮೀನಿನ ನಂತರ, ಪ್ರತಿ ಸಲ ಸಿಕ್ಕಿಹಾಕಿಕೊಂಡು ಬಿಡಿಸಿದ ನಂತರ, ಹುಕ್ ಹತ್ತಿರದ ಹತ್ತು ಸೆಂಟಿಮೀಟರ್ ದಾರವನ್ನು ಉಗುರಿನ ಮೇಲೆ ಎಳೆದು ನೋಡಿ. ಒರಟು ತಾಗಿದರೆ, ಪದರ ಬಿರುಕು ಬಿಟ್ಟಿದ್ದರೆ, ಬ್ರೇಡ್ ನಾರು ಎದ್ದಿದ್ದರೆ ಆ ಲಿಂಕ್ ಮುಗಿಯಿತು. ಒಂದು ಲಿಂಕ್‌ನ ಬೆಲೆ ಕೆಲವು ಪೆನ್ಸ್. ಮನೆಯಲ್ಲೇ ಆರೇಳು ಕಟ್ಟಿಕೊಂಡು ರಿಗ್ ಡಬ್ಬಿಯಲ್ಲಿ ಇಟ್ಟುಕೊಂಡು ಹೋಗಿ. ಚಳಿಯಲ್ಲಿ, ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ ಒಳ್ಳೆಯ ಗಂಟು ಬರುವುದಿಲ್ಲ. ಸುರುಳಿಗಳನ್ನು ಕಾರಿನ ಮುಂದಿನ ಗಾಜಿನ ಹತ್ತಿರ ಬಿಸಿಲಿಗೆ ಬಿಡಬೇಡಿ.

ಕತ್ತರಿಸಿದ ತುಂಡುಗಳನ್ನು ದಡದಲ್ಲಿ ಬಿಡುವಂತಿಲ್ಲ. ಹಂಸ, ಬಾತುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಳೆಯ ದಾರ ಹಾಕುವ ಮರುಬಳಕೆ ಡಬ್ಬಿಗಳು ಇಲ್ಲಿನ ಅನೇಕ ಗಾಳದ ಅಂಗಡಿಗಳಲ್ಲಿವೆ.

ಊರಿನ ಕೆರೆಯಲ್ಲಿ ಇದು ನಡೆಯುತ್ತದೆಯೇ?

ಇದನ್ನೂ ಬಹಳ ಜನ ಕೇಳುತ್ತಾರೆ. ಕಾರ್ಪ್ ಅಲ್ಲೂ ಇದೆ. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಮಿರರ್ ಕಾರ್ಪ್ ಬಂತು, 1957ರಲ್ಲಿ ಬ್ಯಾಂಕಾಕ್‌ನಿಂದ ಇನ್ನೊಂದು ತಳಿ ದೇಶಕ್ಕೆ ಬಂತು. ಈಗ ಸಾಮಾನ್ಯ ಗೆಂಡೆ ಕರ್ನಾಟಕದ ಕೆರೆಗಳಲ್ಲಿ ಧಾರಾಳ. ಆದರೆ ತಳ ಬೇರೆ. ಬೇಸಿಗೆಯಲ್ಲಿ ನೀರು ಇಳಿಯುವ ಕೆರೆಗಳ ಅಂಗಳದಲ್ಲಿ ಜಾಲಿ ಗಿಡ, ಅದರ ಮೋಟು, ಮುಳ್ಳು ಇರುತ್ತವೆ. ತೆಳು ಫ್ಲೋರೋಕಾರ್ಬನ್ ಅಲ್ಲಿ ಬೇಡ. 25 ಪೌಂಡ್‌ನ ಕೋಟೆಡ್ ಬ್ರೇಡ್ ಒಯ್ಯಿರಿ, ಇಲ್ಲವೇ ದಪ್ಪ ನೈಲಾನ್. ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುವ ಕೆರೆಗಳೇ ಜಾಸ್ತಿ, ಮೊದಲು ಗುತ್ತಿಗೆದಾರರನ್ನು ಕೇಳಿಕೊಳ್ಳಿ. ತಳದಲ್ಲಿ ಮೇಯುವ ಗೆಂಡೆ ಮತ್ತು ಮೃಗಾಲ್‌ಗೆ ಇಲ್ಲಿ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಕಾಟ್ಲಾ ಮೇಲ್ನೀರಿನಲ್ಲಿ ಮೇಯುವ ಮೀನು, ಅದಕ್ಕೆ ಎರೆಯನ್ನು ತಳದಲ್ಲಿ ಮಲಗಿಸಿ ಕಾಯುವುದು ದಂಡ. ಬೆಂಡು ಕಟ್ಟಿ, ಎರೆಯನ್ನು ಮೇಲಕ್ಕೆ ತರಬೇಕು.